ಮರವೇ ಇಲ್ಲದ ಚೌಕಟ್ಟುಗಳು

"ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಬೇಕು ಮೇಡಂ ನಿಮಗೆ?"

ಅರ್ಧ ಎತ್ತಿದ ಶಟರಿನ ಕೆಳಗಿನಿಂದ ಬಗ್ಗಿ ಇನ್‌ಸ್ಪೆಕ್ಟರು ಒಳಗೆ ಬಂದರು. ನಾನು ಕೈಯಲ್ಲಿದ್ದ ಫ್ರೇಮ್ ಪಟ್ಟಿಯನ್ನು ಗೋಡೆಗೆ ಒರಗಿಸಿದೆ. ಅಳತೆ ಟೇಪನ್ನು ಮಾತ್ರ ಬಿಡಲಿಲ್ಲ.

"ಮುಟ್ಟದೆ ಅಳೆಯೋದು ಹೇಗೆ ಅಂತ ನೀವೇ ಹೇಳಿಕೊಡಿ."

"ಇದು ಕೊಲೆ ನಡೆದ ಜಾಗ. ನಿಮ್ಮ ತವರುಮನೆ ಅಲ್ಲ."

"ನನ್ನ ತವರಿನವಳನ್ನೇ ನೀವು ಒಳಗೆ ಹಾಕಿದ್ದೀರಲ್ಲ, ಅದಕ್ಕೇ ಬಂದಿದ್ದೀನಿ. ವಕೀಲರು ತಂದುಕೊಟ್ಟ ಅನುಮತಿ ಬಾಗಿಲಲ್ಲಿರೋ ಪೇದೆ ಹತ್ರ ಇದೆ. ಓದಿಕೊಂಡು ಬನ್ನಿ."

ಫೋಟೋಗಳಿಗೆ ಕಟ್ಟು ಹಾಕುವ ಈ ಅಂಗಡಿಯಲ್ಲೇ ಭಾವ ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ಶಟರಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಇರುವುದು ಎರಡೇ ಕೀ, ಒಂದು ಅವರ ಜೇಬಿನಲ್ಲಿ, ಇನ್ನೊಂದು ನನ್ನ ಅಕ್ಕನ ಅಡುಗೆಮನೆಯ ಮೊಳೆಯಲ್ಲಿ. ಅಕ್ಕನನ್ನು ಎಳೆದುಕೊಂಡು ಹೋಗಲು ಇವರಿಗೆ ಅಷ್ಟು ಸಾಕಾಗಿತ್ತು.

"ಕೀ ವಿಷಯ ಬಿಡಿ," ಎಂದರು ಇನ್‌ಸ್ಪೆಕ್ಟರು, ನನ್ನ ಮನಸ್ಸು ಓದಿದವರ ಹಾಗೆ. "ನಿಮ್ಮಕ್ಕ ಸುಳ್ಳು ಹೇಳಿದ್ದಾರೆ. ಗಂಡನ ದುಡಿಮೆ ಮನೆ ಖರ್ಚಿಗೆ ಸರಿಹೋಗ್ತಿತ್ತು ಅಷ್ಟೇ ಅಂದ್ರು. ಆ ಮನುಷ್ಯ ಕಟ್ಟಿರೋ ಮುಂಗಡ ತೆರಿಗೆ ನೋಡಿದ್ರೆ ಅದರ ಮೂರರಷ್ಟು ದುಡಿದಿದ್ದಾರೆ. ಬ್ಯಾಂಕಿಗೆ ದುಡ್ಡೂ ಹಾಗೇ ಬಂದಿದೆ, ಬಂದ ಹಾಗೇ ನಗದಾಗಿ ಹೊರಗೂ ಹೋಗಿದೆ. ಎಲ್ಲಿಟ್ಟಿದ್ದಾರೆ?"

"ಅವಳನ್ನೇ ಕೇಳಬೇಕಿತ್ತು."

"ಕೇಳಿದೆ. ಗೊತ್ತಿಲ್ಲ ಅಂದ್ರು. ನಾಳೆ ಬೆಳಿಗ್ಗೆ ಜಾಮೀನು ಅರ್ಜಿ ಬರುತ್ತೆ. ಗಂಡನ ದುಡ್ಡು ಮುಚ್ಚಿಟ್ಟು ಸುಳ್ಳು ಹೇಳಿದ ಹೆಂಡತಿ ಅಂತ ಒಂದು ಮಾತು ಹೇಳ್ತೀನಿ. ಜಾಮೀನು ಹೇಗೆ ಸಿಗುತ್ತೋ ನೋಡೋಣ."

ಅವರ ಮುಖದಲ್ಲಿ ಒಂದು ತೃಪ್ತಿ ಇತ್ತು. ಊಟ ಮುಗಿಸಿ ಎದ್ದವನ ತೃಪ್ತಿ. ನನಗೆ ಮೈಯೆಲ್ಲ ಉರಿಯಿತು.

ಒಂಟಿ ಕೈಯಲ್ಲಿ ಅಂಗಡಿ ನಡೆಸುವವರ ತೆರಿಗೆ ಲೆಕ್ಕ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಬಣ್ಣ ಬಳಿಯುವವರು, ವೈರಿಂಗ್ ಮಾಡುವವರು, ಸೈಕಲ್ ರಿಪೇರಿಯವರು, ಎಲ್ಲರಿಗೂ ನಾನು ಲೆಕ್ಕದಮ್ಮ. ಸಂಬಳದವರ ತೆರಿಗೆಯನ್ನು ಸಂಬಳ ಕೊಡುವವರೇ ಹಿಡಿದುಕೊಳ್ಳುತ್ತಾರೆ, ಅವರಿಗೆ ಚಿಂತೆಯಿಲ್ಲ. ಸ್ವಂತ ಅಂಗಡಿಯವನು ಮಾತ್ರ ವರ್ಷ ಮುಗಿಯುವ ಮೊದಲೇ ಈ ಸಲ ಇಷ್ಟು ಬರುತ್ತದೆ, ಇಷ್ಟು ಖರ್ಚಾಗುತ್ತದೆ, ಇಷ್ಟು ಉಳಿಯುತ್ತದೆ ಎಂದು ತಾನೇ ಅಂದಾಜು ಮಾಡಬೇಕು. ಉಳಿಯುವುದರ ಮೇಲಿನ ತೆರಿಗೆಯನ್ನು ಮೂರು ತಿಂಗಳಿಗೊಂದು ಕಂತಿನಂತೆ ಮುಂಚೆಯೇ ಕಟ್ಟಬೇಕು.

ಈ ಅಂದಾಜು ಮಾಡುವಾಗ ಜಗತ್ತಿನಲ್ಲಿ ಎಲ್ಲರೂ ಬಡವರು. ಎರಡು ಮನೆ ಬಾಡಿಗೆಗೆ ಬಿಟ್ಟವರು ನನ್ನೆದುರು ಕಣ್ಣೊರೆಸಿಕೊಂಡಿದ್ದಾರೆ. ಅಂದಾಜನ್ನು ಹೆಚ್ಚು ಮಾಡಿ ಹೇಳಿದವರನ್ನು ನಾನು ಕಂಡೇ ಇಲ್ಲ.

ಭಾವನವರೂ ಹೆಚ್ಚು ಮಾಡಿ ಹೇಳಿದವರಲ್ಲ. ಬಂದದ್ದನ್ನು ಬಂದಷ್ಟೇ ಹೇಳಿದವರು. ಅವರ ಅಪ್ಪನ ಅಂಗಡಿಗೆ ತೆರಿಗೆ ಬಾಕಿಗೆಂದು ಬೀಗ ಜಡಿದು, ಗರಗಸ ಸುತ್ತಿಗೆಗಳನ್ನೆಲ್ಲ ಬೀದಿಯಲ್ಲಿ ಹರಡಿ ಮಾರಿದ್ದನ್ನು ಅವರು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದರಂತೆ. ಯಾರಿಗೂ ಬಗ್ಗದ ಮನುಷ್ಯ ತೆರಿಗೆ ಕಚೇರಿಯ ಕವರು ಬಂದರೆ ಬೆವರುತ್ತಿದ್ದರು. ಆದರೂ ನನ್ನ ಹತ್ತಿರ ಒಂದು ಮಾತು ಕೇಳಿದವರಲ್ಲ. ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ನಾದಿನಿಗೆ ದುಡ್ಡು ಕೊಟ್ಟು ಕೂಡಿಸು ಕಳೆ ಮಾಡಿಸುವಷ್ಟು ದಡ್ಡ ನಾನಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದರು.

"ಬ್ಯಾಂಕಿಗೆ ಬಂದ ದುಡ್ಡು ಯಾರದು?" ಎಂದು ಕೇಳಿದೆ.

"ಅರ್ಧಕ್ಕಿಂತ ಹೆಚ್ಚು ಹರಾಜು ಮನೆಯಿಂದ. ವಿಚಾರಿಸಿದ್ದೀವಿ. ಹಳೇ ಚಿತ್ರಗಳಿಗೆ ಕಟ್ಟು ಹಾಕಿಸಿದ ಕೂಲಿ ಅಂತ ಅವರೇ ಒಪ್ಪಿಕೊಂಡ್ರು."

"ಯಾವ ಮರದಲ್ಲಿ?"

ಇನ್‌ಸ್ಪೆಕ್ಟರ ಹುಬ್ಬು ಗಂಟಾಯಿತು. "ಏನು?"

"ಕಟ್ಟು ಹಾಕೋಕೆ ಮರ ಬೇಕಲ್ವಾ? ಗಾಳೀಲಿ ಹಾಕ್ತಾರಾ?"

ಬೆಳಿಗ್ಗೆ ವಕೀಲರು ತರಿಸಿಕೊಟ್ಟ ಭಾವನ ಖರ್ಚಿನ ಲೆಕ್ಕ ಓದಿದಾಗಿನಿಂದ ನಾನು ಹುಡುಕಿದ್ದು ಆ ಮರವನ್ನೇ. ಈ ಪಟ್ಟಿ ಮಾರುವವನು ಸುತ್ತಮುತ್ತ ಒಬ್ಬನೇ. ಅವನ ಬಳಿ ಹೋಗಿ ಭಾವ ವರ್ಷಕ್ಕೆ ಎಷ್ಟು ಕಟ್ಟು ಪಟ್ಟಿ ಒಯ್ಯುತ್ತಿದ್ದರು ಎಂದು ಕೇಳಿದೆ. ಚೌಕಾಸಿ ಮಾಡಿ ಪ್ರಾಣ ತಿನ್ನುತ್ತಿದ್ದ ಗಿರಾಕಿಯನ್ನು ಅವನು ಮರೆಯುವುದುಂಟೇ? ಬಾಯಿತುಂಬ ಬೈದುಕೊಂಡೇ ಹೇಳಿದ. ಗಾಜಿನ ಅಂಗಡಿಯವನ ಮಾತೂ ಅದಕ್ಕೆ ತಾಳೆಯಾಯಿತು. ಆಮೇಲೆ ಇಲ್ಲಿಗೆ ಬಂದು, ಉಳಿದ ಪಟ್ಟಿಯನ್ನೂ ಮೂಲೆ ಕೊಯ್ದಾಗ ಬಿದ್ದ ತುಂಡುಗಳನ್ನೂ ಅಳೆದೆ.

"ಒಂದು ಅಂಗುಲ ಮರವನ್ನೂ ದಂಡ ಮಾಡಿಲ್ಲ ಅಂತ ಇಟ್ಕೊಳ್ಳಿ," ಎಂದೆ. "ಇರೋದ್ರಲ್ಲೇ ದುಬಾರಿ ಕೂಲಿ ಹಾಕಿ. ಬಾಡಿಗೆ, ಕರೆಂಟು, ಗಾಜು, ಮೊಳೆ ಕಳೀರಿ. ಉಳಿಯೋದು ಎಷ್ಟು ಗೊತ್ತಾ? ನಮ್ಮಕ್ಕ ಹೇಳಿದಷ್ಟು. ಒಂದು ಮನೆ ಖರ್ಚು. ಅವಳು ಸುಳ್ಳು ಹೇಳಿಲ್ಲ. ಮಿಕ್ಕ ಎರಡು ಪಾಲು ದುಡ್ಡಿಗೆ ಈ ಅಂಗಡೀಲಿ ಮರವೇ ಇಲ್ಲ."

"ಖರ್ಚು ಕಮ್ಮಿ ತೋರಿಸಿರಬಹುದು."

"ಖರ್ಚು ಜಾಸ್ತಿ ತೋರಿಸಿದ್ರೆ ತಾನೇ ತೆರಿಗೆ ಕಮ್ಮಿಯಾಗೋದು? ಕಮ್ಮಿ ಯಾಕೆ ತೋರಿಸ್ತಾರೆ?"

ಅವರು ಕೆಳಗೆ ಬಿದ್ದಿದ್ದ ಮರದ ತುಂಡುಗಳನ್ನು ಬೂಟಿನಿಂದ ಸರಿಸಿ ನೋಡಿದರು. ನನಗೆ ಉತ್ತರ ಬೆಳಿಗ್ಗೆಯೇ ಹೊಳೆದಿತ್ತು, ಹೊಳೆದಾಗ ನಗು ಬಂದಿತ್ತು. ಮರ ಕೊಂಡೆನೆಂದು ನಾಲ್ಕು ಸುಳ್ಳು ಬಿಲ್ಲು ಸೇರಿಸಿದ್ದರೆ ಭಾವನವರಿಗೆ ತೆರಿಗೆಯೂ ಉಳಿಯುತ್ತಿತ್ತು, ಆ ದುಡ್ಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಷ್ಟು ಮಾಡಲು ಅವರಿಗೆ ಧೈರ್ಯ ಬರಲಿಲ್ಲ. ಎಲ್ಲಿಂದಲೋ ಬಂದ ಕಳ್ಳ ದುಡ್ಡಿಗೆ ಪೈಸೆ ಬಿಡದೆ ತೆರಿಗೆ ಕಟ್ಟಿದ್ದರು.

"ಬರೆದು ಕೊಡಿ," ಎಂದರು ಇನ್‌ಸ್ಪೆಕ್ಟರು ಕೊನೆಗೆ. "ವಕೀಲರ ಕೈಲಿ ಟೈಪ್ ಮಾಡಿಸಿ, ನಾಳೆ ನ್ಯಾಯಾಧೀಶರ ಮುಂದೆ ನಿಂತು ಸಹಿ ಹಾಕಿ. ಒಂದು ಅಂಕಿ ತಪ್ಪಾಗಿದ್ರೂ ನಿಮ್ಮ ಲೈಸೆನ್ಸ್ ಹೋಗೋ ಹಾಗೆ ನಾನೇ ನೋಡ್ಕೋತೀನಿ."

"ನೋಡ್ಕೊಳ್ಳಿ. ಅಂಕಿಗಳನ್ನ ಆಗಲೇ ವಕೀಲರಿಗೆ ಕಳಿಸಿಯಾಗಿದೆ."

ಹೀಗೆ ಕಡ್ಡಿ ಮುರಿದ ಹಾಗೆ ಹೇಳಿ, ಟೇಪು ಮಡಚಿ, ಅವರನ್ನು ದಾಟಿಕೊಂಡು ಹೊರಬಿದ್ದೆ. ಬಹಳ ದಿನದ ಮೇಲೆ ಮನಸ್ಸಿಗೆ ಖುಷಿಯಾಗಿತ್ತು. ನಾಳೆ ಅಕ್ಕ ಹೊರಗೆ ಬರುತ್ತಾಳೆ ಎಂದೇ ನಂಬಿದ್ದೆ.

*

ಹರಾಜು ಮನೆ ಎರಡು ಬೀದಿ ಆಚೆ. ಒಳಗೆ ಹಳೆಯ ಕುರ್ಚಿಗಳು, ಗಡಿಯಾರಗಳು, ಒಂದೊಂದಕ್ಕೂ ನಂಬರಿನ ಚೀಟಿ. ಪಾಲಿಶಿನ ವಾಸನೆ ಮೂಗಿಗೆ ಅಡರುತ್ತಿತ್ತು. ಹಿಂದಿನ ಕೋಣೆಯಲ್ಲಿ ಹರಾಜಿನವರು ಒಬ್ಬರೇ ಕುಳಿತಿದ್ದರು. ಇಸ್ತ್ರಿ ಮುರಿಯದ ತೋಳು, ತೂಕದ ಮಾತು. ಕೂತುಕೊಳ್ಳಿ ಎನ್ನಲಿಲ್ಲ.

"ನೀವು ಪೊಲೀಸರಲ್ಲ," ಎಂದರು.

"ಪೊಲೀಸರಾಗಿದ್ರೆ ನಿಮ್ಮ ಮಾತು ನಂಬಿಕೊಂಡು ಎದ್ದು ಹೋಗ್ತಿದ್ದೆ."

"ಏನು ಬೇಕು?"

"ನಮ್ಮ ಭಾವ ನಿಮಗೆ ಹಾಕಿಕೊಟ್ಟ ಕಟ್ಟುಗಳನ್ನ ನೋಡಬೇಕು. ಅವಕ್ಕೆ ಬೇಕಾದ ಮರ ಅವರು ಕೊಂಡೇ ಇಲ್ಲ."

ಅವರು ನಿಧಾನವಾಗಿ ನಕ್ಕರು. "ಹಳೇ ಚೌಕಟ್ಟುಗಳ ರಿಪೇರಿ ತಾಯಿ ಅದು. ಮೇಲಿನ ಚಿನ್ನದ ರೇಕು ಎದ್ದು ಹೋಗಿರುತ್ತೆ, ಅದನ್ನ ಸರಿಮಾಡಿ ಕೊಡ್ತಿದ್ರು. ಹೊಸ ಮರ ಯಾಕೆ ಬೇಕು?"

ಇದನ್ನು ನಾನು ಯೋಚಿಸಿರಲಿಲ್ಲ. ಅಂಗಡಿಯಿಂದ ಇಲ್ಲಿಯವರೆಗೆ ಎದೆಯುಬ್ಬಿಸಿಕೊಂಡು ನಡೆದು ಬಂದಿದ್ದೆ, ಈ ಒಂದು ಮಾತಿಗೆ ನನ್ನ ಅಂದಾಜೆಲ್ಲ ನೀರುಪಾಲಾಗುವ ಹಾಗಿತ್ತು.

"ಚಿನ್ನದ ರೇಕು ನೀವು ಕೊಡ್ತಿದ್ರಾ?" ಎಂದು ಸುಮ್ಮನೆ ಕೇಳಿದೆ. ಉಸಿರು ತೆಗೆದುಕೊಳ್ಳಲು ಕೇಳಿದ ಪ್ರಶ್ನೆ ಅದು.

"ನಾನ್ಯಾಕೆ ಕೊಡಲಿ? ಅವರೇ ತರ್ತಿದ್ರು. ಕೂಲಿ ಜೊತೆಗೆ ಅದರ ದುಡ್ಡೂ ಸೇರ್ತಿತ್ತು. ಅದಕ್ಕೇ ಅಷ್ಟು ದೊಡ್ಡ ಮೊತ್ತ."

"ಅವರೇ ತರ್ತಿದ್ರು."

"ಹೌದು."

ಈಗ ನಾನು ನಕ್ಕೆ. "ಸ್ವಾಮಿ, ನಮ್ಮ ಭಾವ ಒಂದು ಪೊಟ್ಟಣ ಮೊಳೆ ಕೊಂಡಿದ್ದನ್ನೂ ಖರ್ಚಲ್ಲಿ ತೋರಿಸಿದ್ದಾರೆ. ಗೋಂದಿನ ಡಬ್ಬಿ ತೋರಿಸಿದ್ದಾರೆ. ಕೈ ಒರೆಸೋ ಬಟ್ಟೆ ತೋರಿಸಿದ್ದಾರೆ. ಅಂಥವರು ಚಿನ್ನ ಕೊಂಡು ಮರೆತುಬಿಟ್ರಾ?"

ಅವರ ನಗು ಅಲ್ಲಿಗೆ ನಿಂತಿತು.

"ಯಾವ ಯಾವ ಚಿತ್ರದ ಚೌಕಟ್ಟು ರಿಪೇರಿ ಆಯ್ತು ಹೇಳಿ. ಕೊಂಡವರ ಮನೆಗೆ ಹೋಗಿ ನೋಡ್ಕೊಂಡು ಬರ್ತೀನಿ."

"ನಿಮಗೆ ಹೇಳಬೇಕಾದ್ದೇನಿಲ್ಲ."

"ನಾಳೆ ನ್ಯಾಯಾಧೀಶರಿಗೆ ಹೇಳ್ತೀರಂತೆ."

ಪಕ್ಕದಲ್ಲಿ ಒಂದು ಚಿತ್ರ ಗೋಡೆಗೆ ಒರಗಿ ನಿಂತಿತ್ತು. ಹೊಗೆ ಹಿಡಿದಂಥ ಬಣ್ಣ, ಬಿರುಕು ಬಿಟ್ಟ ಮೈ, ಚೀಟಿಯಲ್ಲಿ ನೂರು ವರ್ಷಕ್ಕೂ ಹಳೆಯದೆಂದು ಬರೆದಿತ್ತು. ಅದರ ಹಿಂದಿನ ಹಲಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ನಾನು ಬಗ್ಗಿ ಚಿತ್ರವನ್ನು ತಿರುಗಿಸಿದೆ.

"ಮುಟ್ಟಬೇಡಿ ಅದನ್ನ."

ಇವತ್ತು ಎಲ್ಲರಿಗೂ ಇದೇ ಮಾತು. ಚಿತ್ರ ಬರೆದ ಬಟ್ಟೆಯ ಹಿಂಬದಿಗೆ ಮಾಸಲು ಬಣ್ಣ ಬಳಿದಿದ್ದರು. ಆದರೆ ಮರದ ಅಂಚಿಗೆ ಮಡಚಿ ಮೊಳೆ ಹೊಡೆದ ಕಡೆ, ಬಣ್ಣ ತಾಗದ ಒಳಮಡಿಕೆಯಲ್ಲಿ, ಬಟ್ಟೆ ಮೊನ್ನೆ ಅಂಗಡಿಯಿಂದ ತಂದಷ್ಟು ಬೆಳ್ಳಗಿತ್ತು.

"ಚೆನ್ನಾಗಿದೆ," ಎಂದೆ. "ನೂರು ವರ್ಷದ ಚಿತ್ರ, ಹೋದ ತಿಂಗಳ ಬಟ್ಟೆ. ಮುಂದಿನಿಂದ ನೋಡೋ ಗಿರಾಕಿಗೆ ಟೋಪಿ ಹಾಕಬಹುದು. ಕಟ್ಟು ಹಾಕೋನು ಹಿಂದಿನಿಂದ ನೋಡ್ತಾನೆ. ಭಾವ ನೋಡಿದ್ರು. ಬಾಯಿ ಮುಚ್ಚಿಕೊಂಡಿರೋಕೆ ನೀವು ದುಡ್ಡು ಕೊಟ್ರಿ."

ಹರಾಜಿನವರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದರು. ವಾಪಸ್ಸು ಬಂದಾಗ ತೂಕದ ಮಾತೆಲ್ಲ ಎಲ್ಲಿಗೋ ಹೋಗಿತ್ತು.

"ಒಂದು ಸಲ ಕೊಟ್ಟಿದ್ರೆ ಹೋಗಲಿ ಬಿಡಿ ಅಂತಿದ್ದೆ. ಮೂರು ತಿಂಗಳಿಗೊಂದು ಲಕ್ಷ. ನಗದು ಕೊಡ್ತೀನಿ ಅಂದ್ರೆ ಬೇಡವಂತೆ, ನಗದು ಎಲ್ಲಿಂದ ಬಂತು ಅಂತ ತೆರಿಗೆಯವರು ಕೇಳ್ತಾರಂತೆ. ಚೆಕ್ಕೇ ಬೇಕು, ರಸೀದಿ ಕೊಡ್ತೀನಿ ಅಂದ. ರಕ್ತ ಹೀರೋನು ರಸೀದಿ ಕೊಡೋದನ್ನ ಎಲ್ಲಾದ್ರೂ ಕಂಡಿದ್ದೀರಾ? ಅಷ್ಟಕ್ಕೇ ಬಿಡಲಿಲ್ಲ. ಈ ಒಂದು ಲಕ್ಷಕ್ಕೆ ನಾನು ನೂರಕ್ಕೆ ಮೂವತ್ತು ತೆರಿಗೆ ಕಟ್ಟಬೇಕು, ಆ ಮೂವತ್ತು ಸಾವಿರವೂ ನೀವೇ ಕೊಡಬೇಕು ಅಂದ. ಕೊಟ್ಟೆ. ಪ್ರತಿ ಸಲ ಒಂದು ಲಕ್ಷದ ಮೂವತ್ತು ಸಾವಿರ."

ನಗಬಾರದಿತ್ತು, ಆದರೆ ಬಂತು. ಭಾವ ಅಂದರೆ ಇಷ್ಟೇ. ಹೆದರಿಸಿ ದುಡ್ಡು ಕೀಳುವುದರಲ್ಲೂ ತೆರಿಗೆ ಕಚೇರಿಗೆ ಹೆದರಿಕೊಂಡವರು. ಅದರಲ್ಲೂ ಲೆಕ್ಕ ತಪ್ಪಿಸಿದ್ದರು. ಕೈಗೆ ಒಂದು ಲಕ್ಷ ಉಳಿಯಬೇಕಾದರೆ ಮೂವತ್ತು ಸಾವಿರ ಸೇರಿಸಿದರೆ ಸಾಲದು, ಸೇರಿಸಿದ ಮೂವತ್ತು ಸಾವಿರವೂ ಆದಾಯವೇ, ಅದರ ಮೇಲೂ ತೆರಿಗೆ ಬೀಳುತ್ತದೆ. ಉಳಿಯುವುದು ತೊಂಬತ್ತೊಂದು ಸಾವಿರ. ನನ್ನನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ಕೇಳುವ ಮನುಷ್ಯರಲ್ಲ.

"ಈ ಮಾತನ್ನೇ ನಾಳೆ ಹೇಳಿದ್ರೆ ಸಾಕು," ಎಂದೆ. "ಅವರನ್ನ ಕೊಲ್ಲೋಕೆ ನಿಮಗಿಂತ ಕಾರಣ ಬೇರೆ ಯಾರಿಗಿದೆ?"

"ಹೇಳಲಾ?"

ಅವರು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಕುರ್ಚಿಗೆ ಒರಗಿ, ನನ್ನ ಮುಖವನ್ನೇ ನೋಡುತ್ತ, ಹರಾಜಿನಲ್ಲಿ ಕೊನೆಯ ಕೂಗಿಗೆ ಕಾಯುವವರ ಹಾಗೆ ತಡೆದು ಹೇಳಿದರು.

"ನಿಮ್ಮ ಭಾವ ಸಾಯೋ ಎರಡು ದಿನ ಮುಂಚೆ ಒಬ್ಬರು ಹೆಂಗಸು ಬಂದಿದ್ರು. ನೀವು ನಿಂತಿರೋ ಜಾಗದಲ್ಲೇ ನಿಂತಿದ್ರು. ಎಲ್ಲ ಗೊತ್ತಿತ್ತು ಅವರಿಗೆ. ಗಂಡ ಕೇಳೋ ಲೆಕ್ಕ ತಪ್ಪು ಅಂದ್ರು. ತೆರಿಗೆಗೆ ಅಂತ ಕೊಡ್ತೀರಲ್ಲ, ಅದರ ಮೇಲೂ ತೆರಿಗೆ ಬೀಳುತ್ತೆ, ಅದನ್ನೂ ನೀವೇ ಕೊಡಬೇಕು ಅಂದ್ರು."

"ಸುಳ್ಳು."

"ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಬಾಯಿಪಾಠ ಮಾಡಿಕೊಂಡು ಬಂದಿದ್ರು. ಇನ್ಮೇಲೆ ಇಷ್ಟು ಕೊಡಿ, ಅದೂ ಅವರ ಕೈಗೆ ಬೇಡ, ನನ್ನ ಕೈಗೆ ಕೊಡಿ ಅಂದ್ರು. ಅವರು ಒಪ್ತಾರಾ ಅಂತ ಕೇಳಿದೆ. ಅವರ ವಿಷಯ ನನಗೆ ಬಿಡಿ ಅಂದ್ರು."

"ಯಾರು?" ಒಂದು ಹೆಜ್ಜೆ ಮುಂದೆ ಬಂದೆ. "ಯಾರು ಆ ಹೆಂಗಸು?"

"ಮುಖ ನಿಮ್ಮದೇ. ವಯಸ್ಸು ಸ್ವಲ್ಪ ಜಾಸ್ತಿ."

ಮುಖವನ್ನು ಯಾರು ಬೇಕಾದರೂ ಕಟ್ಟಿ ಹೇಳಬಹುದು. ಆ ಅಂಕಿಯನ್ನು ಹೇಳಲಾಗದು. ಆ ಅಂಕಿ ನನ್ನದು.

ಹೋದ ತಿಂಗಳು ಅಕ್ಕ ನಮ್ಮ ಮನೆಗೆ ಬಂದಿದ್ದಳು. ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಒರೆಸಿ ಜೋಡಿಸುತ್ತಿದ್ದಳು. ಗುರುತಿನ ಟೈಲರಮ್ಮ ಒಬ್ಬಳಿದ್ದಾಳೆ ಕಣೇ, ಶಾಲೆಯ ಸಮವಸ್ತ್ರ ಹೊಲಿಯೋ ದೊಡ್ಡ ಕೆಲಸ ಸಿಕ್ಕಿದೆಯಂತೆ, ತೆರಿಗೆ ಕಳೆದು ಕೈಗೆ ಒಂದು ಲಕ್ಷ ಉಳೀಬೇಕಾದ್ರೆ ಎಷ್ಟು ಕೇಳಬೇಕು ಅಂತ ಕೇಳ್ತಿದ್ಲು ಎಂದಳು. ನನಗೆ ಹಿಗ್ಗು. ಅಕ್ಕ ನನ್ನ ಕಸುಬಿನ ಬಗ್ಗೆ ಕೇಳಿದ್ದೇ ಅಪರೂಪ. ಒದ್ದೆ ಕೈಯಲ್ಲೇ ಲೆಕ್ಕ ಹಾಕಿ ಈ ಅಂಕಿ ಹೇಳಿದೆ. ತೆರಿಗೆಯ ಮೇಲೂ ತೆರಿಗೆ ಬೀಳುತ್ತೆ, ಅದನ್ನೇ ಎಲ್ಲರೂ ಮರೆಯೋದು ಎಂದು ಹೇಳಿಕೊಟ್ಟವಳೂ ನಾನೇ. ಅವಳು ಎರಡು ಸಲ ಹೇಳಿಸಿಕೊಂಡಿದ್ದಳು.

"ನಿಮ್ಮ ಅಂದಾಜಿಗೆ ಧಾರಾಳವಾಗಿ ಸಹಿ ಹಾಕಿ," ಎಂದರು ಹರಾಜಿನವರು. ಮಾತಿಗೆ ಮತ್ತೆ ತೂಕ ಬಂದಿತ್ತು. "ದುಡ್ಡು ಎಲ್ಲಿಂದ ಬಂತು ಅಂತ ನನ್ನನ್ನ ಕರೀತಾರೆ. ನಿಜ ಹೇಳ್ತೀನಿ. ನಕಲಿ ಚಿತ್ರ ಮಾರಿದ್ದಕ್ಕೆ ನನಗೆ ಒಂದೆರಡು ವರ್ಷ ಆಗಬಹುದು. ಗಂಡನ ಬದಲು ದುಡ್ಡು ನನ್ನ ಕೈಗೆ ಕೊಡಿ ಅಂದವರಿಗೆ ಎಷ್ಟಾಗುತ್ತೆ ನೀವೇ ಅಂದಾಜು ಮಾಡಿ. ಸಹಿ ಹಾಕದಿದ್ರೂ ಸಂತೋಷ. ನಾನು ಕಟ್ಟು ಹಾಕಿಸಿದೆ ಅಷ್ಟೇ, ನಿಮ್ಮಕ್ಕ ದುಡ್ಡು ಮುಚ್ಚಿಟ್ಟಿದ್ದಾರೆ ಅಷ್ಟೇ."

ನನಗೆ ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆಗ ಫೋನು ಹೊಡೆದುಕೊಂಡಿತು.

ಅಕ್ಕನ ವಕೀಲರು. ಠಾಣೆಯಿಂದ ಮಾತಾಡುತ್ತಿದ್ದರು. "ಟೈಪ್ ಆಯ್ತು ಮೇಡಂ. ಅದ್ಭುತವಾಗಿದೆ. ನೀವು ಬಂದು ಸಹಿ ಹಾಕಿದ್ರೆ ಜಾಮೀನು ಸಿಕ್ಕಿದ ಹಾಗೇ. ನಿಮ್ಮಕ್ಕ ಇಲ್ಲೇ ಇದ್ದಾರೆ, ಒಂದು ನಿಮಿಷ ಮಾತಾಡಿ."

"ಲೇ," ಎಂದಳು ಅಕ್ಕ. ದನಿ ಬತ್ತಿಹೋಗಿತ್ತು. "ನೀನೇ ಲೆಕ್ಕ ಹಾಕಿದೆಯಂತೆ. ನಾನು ಸುಳ್ಳು ಹೇಳಲಿಲ್ಲ ಅಂತ ಇವರಿಗೆಲ್ಲ ತೋರಿಸಿಕೊಟ್ಟೆಯಂತೆ. ನಾಳೆ ಬೇಗ ಬಾರೇ. ಇಲ್ಲಿ ಇನ್ನೊಂದು ದಿನ ಇರೋಕೆ ನನ್ನ ಕೈಲಿ ಆಗಲ್ಲ."

ಕಣ್ಣು ತುಂಬಿ ಬಂತು. ನಮ್ಮಮ್ಮ ಸತ್ತ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಇವಳು. ಎದುರಿಗಿರುವ ಮನುಷ್ಯ ಮೋಸಗಾರ, ನಕಲಿ ಮಾರಿ ಬದುಕುವವನು, ಅವನ ಮಾತು ನಂಬಿ ಅಕ್ಕನನ್ನು ಬಿಡುವುದುಂಟೇ? ಬರುತ್ತೇನೆ ಎಂದುಬಿಡಬೇಕೆನಿಸಿತು. ಅದಕ್ಕೆ ಮೊದಲು ಒಂದೇ ಒಂದು ಸಣ್ಣ ವಿಷಯ ಸರಿಹೋದರೆ ಸಾಕಿತ್ತು. ಆ ಟೈಲರಮ್ಮ ಎಲ್ಲೋ ಒಂದು ಕಡೆ ಕೂತು ಹೊಲಿಗೆ ಹಾಕುತ್ತಿದ್ದರೆ ಸಾಕಿತ್ತು. ಈಗಲೇ ಓಡಿ ಹೋಗಿ ಅವಳ ಕೈ ಹಿಡಿದುಕೊಳ್ಳುತ್ತಿದ್ದೆ.

"ಬರ್ತೀನಿ ಅಕ್ಕ. ಒಂದು ವಿಷಯ ಹೇಳು. ಆ ಟೈಲರಮ್ಮನ ಅಂಗಡಿ ಯಾವ ಬೀದೀಲಿದೆ?"

ಹರಾಜಿನವರು ಕದಲದೆ ನನ್ನನ್ನೇ ನೋಡುತ್ತಿದ್ದರು.

ಅಕ್ಕ ಯೋಚನೆ ಕೂಡ ಮಾಡಲಿಲ್ಲ.

"ಯಾವ ಟೈಲರಮ್ಮ?"